ಓಡಿಸಿದವಳ ತಪ್ಪಲ್ಲ

ಕಾರು ನಿಂತದ್ದು ಆಸ್ಪತ್ರೆಯ ಗೇಟು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ. ಅವಳು ಸೇತುವೆ ಇಳಿದು ಸಿಗ್ನಲ್ಲಿಗೆ ನಿಂತಿದ್ದಳು. ಹಸಿರು ಬಂದಾಗ ಆಕ್ಸಿಲರೇಟರ್ ತುಳಿದಳು. ಎಂಜಿನ್ ಗುರ್ರೆಂದಿತು, ಗಾಡಿ ಮಾತ್ರ ಕದಲಲಿಲ್ಲ. ಅದು ತಾನೇ ಗೇರ್ ಬದಲಿಸಿಕೊಳ್ಳುವ ಕಾರು. ಗೇರಿನ ಹಿಡಿ ಇರಬೇಕಾದ ಜಾಗದಲ್ಲೇ ಇತ್ತು. ಹಿಂದಿನಿಂದ ಹಾರ್ನುಗಳು ಶುರುವಾದವು. ಪಕ್ಕದ ಸ್ಕೂಟರಿನವನು ಬಗ್ಗಿ, "ಗೇರ್ ಹಾಕಮ್ಮಾ, ಗೇರ್!" ಎಂದು ಕೂಗಿದ. ಹಿಂದಿನ ಸೀಟಿನಲ್ಲಿ ಎದೆ ಹಿಡಿದುಕೊಂಡು ಒರಗಿದ್ದ ಗಂಡನೂ ಕಣ್ಣು ತೆರೆಯದೆ ಅದನ್ನೇ ಹೇಳಿದ.

"ಗೇರ್ ಹಾಕೇ."

ಅವನು ಆಡಿದ ಕೊನೆಯ ಮಾತು ಅದು. ಒಬ್ಬ ಟ್ಯಾಕ್ಸಿಯವನು ಇಳಿದು ಬಂದು ಅವನನ್ನು ತನ್ನ ಗಾಡಿಗೆ ಹಾಕಿಕೊಂಡು ಹೋದ. ಇವಳು ಕಾರನ್ನು ಅಲ್ಲೇ ಬಿಟ್ಟು ಹಿಂದೆ ಓಡಿದಳು. ಡಾಕ್ಟರ್ ಹೊರಗೆ ಬಂದು ವಿಷಯ ತಿಳಿಸಿದಾಗ ಒಂದೇ ಪ್ರಶ್ನೆ ಕೇಳಿದಳು: "ಇನ್ನೂ ಸ್ವಲ್ಪ ಬೇಗ ಬಂದಿದ್ರೆ?"

"ಹೇಳೋಕಾಗಲ್ಲಮ್ಮ. ಉಳೀತಿದ್ರೂ ಉಳೀತಿದ್ರು. ಇಲ್ಲ ಅಂದ್ರೂ ಇಲ್ಲ."

ಆಮೇಲೆ ಅವಳಿಗೆ ಅಳು ಬರಲಿಲ್ಲ. ಬಂಧುಗಳು ಬೆನ್ನು ಸವರಿ, ಅತ್ತುಬಿಡು, ಹಗುರಾಗುತ್ತೆ ಎಂದರು. ಅವಳು ಬಂದವರಿಗೆ ಚಹಾ ಮಾಡಿಕೊಟ್ಟಳು, ಲೋಟ ತೊಳೆದಳು, ಮತ್ತೆ ಮಾಡಿದಳು. ಒಲೆಯ ಮುಂದೆ ನಿಂತಿದ್ದಾಗಲೇ ಹೊರಕೋಣೆಯಲ್ಲಿ ಮಾವ ಯಾರಿಗೋ ಹೇಳುತ್ತಿದ್ದದ್ದು ಕೇಳಿಸಿತು: "ಪಾಪ, ಗಾಬರೀಲಿ ಗೇರ್ ಬಿದ್ದಿಲ್ಲ. ಅವಳನ್ನ ಏನಂತ ಅನ್ನೋದು?"

ಮಾವ ಶಾಲೆಯಲ್ಲಿ ಡ್ರಿಲ್ ಮಾಡಿಸುತ್ತಿದ್ದವರು. ಊರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿತ್ತು. ಮುಖದ ಮೇಲೆ ಅವರು ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ಮನೆ ತುಂಬ ಇತ್ತು. ಊಟಕ್ಕೆ ಎದುರು ಬದುರು ಕೂತರೆ ಉಪ್ಪಿನ ಡಬ್ಬಿಯನ್ನು ಕೂಡ ಕೇಳದೆ ತಾವೇ ಎದ್ದು ತಂದುಕೊಳ್ಳುತ್ತಿದ್ದರು.

ಅವಳು ಕೆಲಸಕ್ಕೆ ವಾಪಸಾದಳು. ಕಟ್ಟುಹಲ್ಲು ಮಾಡುವ ಲ್ಯಾಬು ಅದು. ಮೇಜಿನ ಮೇಲೆ ಯಾರ್‍ಯಾರದೋ ಬಾಯಿಯ ಅಚ್ಚುಗಳು, ಬಿಳೀ ಪ್ಲಾಸ್ಟರಿನವು. ಮೇಣ ಕಾಯಿಸಿ, ಒಂದೊಂದೇ ಹಲ್ಲು ಕೂರಿಸಿ, ಮೇಲಿನ ದವಡೆ ಕೆಳಗಿನದಕ್ಕೆ ಸರಿಯಾಗಿ ಕೂರುತ್ತದೋ ಎಂದು ಕಚ್ಚಿಸಿ ನೋಡುವುದು. ಕೈಗೆ ಕೆಲಸ ಗೊತ್ತಿತ್ತು, ತಲೆ ಬೇಕಾಗಿರಲಿಲ್ಲ. ಜೊತೆಯವರು ನಕ್ಕಾಗ ತಾನೂ ತುಟಿ ಅಗಲಿಸುತ್ತಿದ್ದಳು.

ಕಾರನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಎಳೆಸಿಕೊಂಡು ಹೋಗಿದ್ದವನು ಅವಳ ತಮ್ಮ. ಅಲ್ಲಿಂದ ಫೋನ್ ಬಂತು, ಹೋದಳು. ಮ್ಯಾನೇಜರ್ ಮಾತುಗಾರ, ಕುತ್ತಿಗೆಗೆ ಟೈ, ಅಂಗೈಯಲ್ಲಿ ಗ್ರೀಸು.

"ಗೇರ್‌ಬಾಕ್ಸ್ ಹೋಗಿದೆ ಮೇಡಂ. ಓಡ್ತಾ ಓಡ್ತಾನೇ ಹಿಡಿತ ಬಿಟ್ಟುಬಿಡುತ್ತೆ. ಈ ಮಾಡೆಲ್‌ಗೆ ಅದು ಹುಟ್ಟುಗುಣ. ಸುಟ್ಟರೂ ಹೋಗಲ್ಲ ಅಂತಾರಲ್ಲ, ಹಾಗೆ. ಪೂರ್ತಿ ಬದಲಿಸಬೇಕು."

"ತಾನಾಗೇ ಬಿಟ್ಟುಬಿಡುತ್ತಾ?"

"ತಾನಾಗೇ."

"ಕಂಪನಿಗೆ ಗೊತ್ತಾ?"

"ಗೊತ್ತಿಲ್ದೆ ಇರುತ್ತಾ? ಹೆತ್ತೋರಿಗೆ ಹೆಗ್ಗಣ ಮುದ್ದು, ಅಷ್ಟೇ." ಅವನು ಕಂಪ್ಯೂಟರ್ ಕಡೆ ತಿರುಗಿ ಏನೋ ಒತ್ತಿ ನೋಡಿದ. "ಅಯ್ಯೋ, ವಾರಂಟಿ ಹೋದ ತಿಂಗಳೇ ಮುಗಿದಿದೆ. ಖರ್ಚು ನಿಮ್ಮದೇ ಆಗುತ್ತೆ."

"ಈಗ ಹೇಳಿದ್ರಲ್ಲ, ಅದನ್ನ ಇನ್ನೊಂದು ಸಲ ಹೇಳ್ತೀರಾ? ಮನೆಗೆ ಬಂದು?"

ಅವನ ಮುಖದಲ್ಲಿದ್ದ ನಗು ಜಾರಿತು. "ನಾನೇನು ಹೇಳಿದೆ ಮೇಡಂ? ಯಂತ್ರ ಅಂದಮೇಲೆ ಒಂದಲ್ಲ ಒಂದು ದಿನ ಕೆಡುತ್ತೆ ಅಂದೆ."

ಕಂಪನಿಗೆ ಬರೆದರು. ತಮ್ಮ ಬರೆದ, ಅವಳು ಸಹಿ ಹಾಕಿದಳು. ತಮಗೆ ವಿಷಾದವಿದೆ, ಆದರೆ ವಾರಂಟಿಯ ಅವಧಿ ತೀರಿದೆ ಎಂದು ಉತ್ತರ ಬಂತು. ಮತ್ತೆ ಬರೆದರೆ ಅದೇ ಉತ್ತರ, ಕೆಳಗೆ ಬೇರೆ ಹೆಸರು. ತಮ್ಮನೋ ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡ ಹುಡುಗ. ಅದೇ ಕಾರು ಕೊಂಡು ನಡುರಸ್ತೆಯಲ್ಲಿ ನಿಂತವರನ್ನೆಲ್ಲ ಇಂಟರ್ನೆಟ್ಟಿನಲ್ಲಿ ಹುಡುಕಿ ಹಿಡಿದ. ಅವರ ಮಾತುಗಳನ್ನೆಲ್ಲ ಸೇರಿಸಿ ಗ್ರಾಹಕರ ವೇದಿಕೆಗೆ ದೂರು ತಯಾರು ಮಾಡಿದ.

"ಅಕ್ಕ, ಭಾವನ ವಿಷಯ ಸೇರಿಸ್ಲಾ? ಸೇರಿಸಿದ್ರೆ ಅವರು ನಡುಗಿಹೋಗ್ತಾರೆ."

"ಬೇಡ."

"ಯಾಕೆ?"

"ಬೇಗ ಬಂದಿದ್ರೆ ಬದುಕ್ತಿದ್ರಾ ಇಲ್ವಾ ಅಂತ ನನ್ನ ಎದುರಿಗೇ ಚರ್ಚೆ ಮಾಡ್ತಾರೆ ಕಣೋ. ಗೇರ್‌ಬಾಕ್ಸ್ ಅಷ್ಟೇ ಬರಿ."

ಅವಳಿಗೆ ಬೇಕಾಗಿದ್ದುದು ಗೇರ್‌ಬಾಕ್ಸೂ ಅಲ್ಲ ಎಂದು ತಮ್ಮನಿಗೆ ತಿಳಿಯಲಿಲ್ಲ. ಅವಳೂ ಬಿಡಿಸಿ ಹೇಳಲಿಲ್ಲ.

ಚಳಿ ಕಳೆದು ಬಿಸಿಲು ಬಂದ ಮೇಲೆ ರಾಜಿ ಮಾತುಕತೆಗೆ ಕರೆ ಬಂತು. "ಮಾವ, ನೀವೂ ಬನ್ನಿ" ಎಂದಳು. ಅವರು ಯಾಕೆ ಎಂದು ಕೇಳಲಿಲ್ಲ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು.

ಉದ್ದನೆಯ ಕೋಣೆ. ಫ್ಯಾನಿನ ಕೆಳಗೆ ಮೇಜು. ಮಧ್ಯಸ್ಥಿಕೆಗೆ ಕೂತಿದ್ದಾಕೆ ನರೆಗೂದಲಿನ ಹೆಂಗಸು. ಒಂದು ಕಡೆ ಕಂಪನಿಯ ಅಧಿಕಾರಿ, ಅವನ ಪಕ್ಕದಲ್ಲಿ ಸರ್ವಿಸ್ ಸೆಂಟರಿನ ಅದೇ ಮ್ಯಾನೇಜರ್. ಅಧಿಕಾರಿ ಮೆತ್ತಗೆ ಮಾತಾಡಿದ. ಹಳೇ ಗಿರಾಕಿಯ ಮೇಲಿನ ಗೌರವಕ್ಕಾಗಿ ಕಂಪನಿ ಹೊಸ ಗೇರ್‌ಬಾಕ್ಸ್ ಹಾಕಿಸಿಕೊಡುತ್ತದೆ, ಆದ ಖರ್ಚನ್ನೂ ಭರಿಸುತ್ತದೆ. ಮೇಜಿನ ಕೆಳಗೆ ತಮ್ಮ ಅವಳ ಕಾಲು ತಟ್ಟಿದ. ಗೆದ್ದೆವು ಎಂದು ಅದರ ಅರ್ಥ.

ಅವಳು ಒಪ್ಪಂದವನ್ನು ನಿಧಾನವಾಗಿ ಓದಿದಳು. "ದೋಷ ಇತ್ತು ಅಂತ ಇದರಲ್ಲಿ ಎಲ್ಲಿದೆ?"

"ಅದನ್ನ ಬರೆಯೋಕಾಗಲ್ಲ ಮೇಡಂ. ದೋಷ ಒಪ್ಪಿಕೊಳ್ಳದೆ ಕೊಡ್ತಿರೋ ಪರಿಹಾರ ಇದು."

"ಹಾಗಾದ್ರೆ ಬರೀಬೇಡಿ. ಬಾಯಲ್ಲಿ ಹೇಳಿ ಸಾಕು. ನನಗಲ್ಲ, ಇವರಿಗೆ." ಮಾವನ ಕಡೆ ತೋರಿಸಿದಳು. "ಆಮೇಲೆ ಸಹಿ ಹಾಕ್ತೀನಿ."

ತಮ್ಮ, "ಅಕ್ಕಾ" ಎಂದು ಹಲ್ಲು ಕಚ್ಚಿಕೊಂಡು ಪಿಸುಗುಟ್ಟಿದ. ನರೆಗೂದಲಿನಾಕೆ ಅವಳನ್ನೂ ಮಾವನನ್ನೂ ಒಮ್ಮೆ ನೋಡಿ ಪೆನ್ನಿನ ಮುಚ್ಚಳ ಹಾಕಿದರು. "ಇಲ್ಲಿ ಆಡಿದ ಮಾತು ಯಾವುದೂ ದಾಖಲಾಗಲ್ಲ" ಎಂದು ಸುಮ್ಮನೆ ಗೋಡೆಗೆ ಹೇಳಿದಂತೆ ಹೇಳಿದರು.

ಅಧಿಕಾರಿ ಕೂತಲ್ಲೇ ಸ್ವಲ್ಪ ಮಿಸುಕಾಡಿದ. ಆಮೇಲೆ ಎದ್ದು, "ಒಂದು ಫೋನ್ ಮಾಡಿ ಬರ್ತೀನಿ" ಎಂದು ಹೊರಗೆ ಹೋದ. ಅವನ ಫೋನು ಮೇಜಿನ ಮೇಲೇ ಇತ್ತು.

ಮ್ಯಾನೇಜರ್ ಬಾಗಿಲು ಮುಚ್ಚಿಕೊಳ್ಳುವವರೆಗೂ ಕಾದ.

"ಯಜಮಾನ್ರೇ, ಆ ಗಾಡಿ ಯಾರು ಓಡಿಸಿದ್ರೂ ನಿಲ್ತಿತ್ತು. ಪರೀಕ್ಷೆ ಮಾಡೋಣ ಅಂತ ನಾನೇ ಓಡಿಸಿದೆ, ನನ್ನ ಕೈಯಲ್ಲೂ ನಿಂತಿತು. ಗೇರ್ ಹಾಕಿದ್ರೂ ಅದಕ್ಕೆ ಬೀಳಲ್ಲ. ಇವರ ತಪ್ಪೇನೂ ಇಲ್ಲ."

ಮಾವ ಎರಡು ಕೈಯನ್ನೂ ಮಂಡಿಯ ಮೇಲಿಟ್ಟುಕೊಂಡು ನೆಟ್ಟಗೆ ಕೂತಿದ್ದರು. "ಇನ್ನೊಂದು ಸಲ ಹೇಳಪ್ಪ" ಎಂದರು.

"ಇವರ ತಪ್ಪಲ್ಲ."

ಅವಳು ಸಹಿ ಹಾಕಿದಳು. ಎದೆಯ ಮೇಲಿನ ಕಲ್ಲು ಇಳಿಯುತ್ತದೆ ಎಂದುಕೊಂಡಿದ್ದಳು. ಇಳಿಯಲಿಲ್ಲ. ಬೆರಳಿಗೆ ಪೆನ್ನಿನ ಶಾಯಿ ಅಂಟಿತ್ತು, ಅದನ್ನು ಒರೆಸಿಕೊಂಡಳು.

ತಮ್ಮ ತನ್ನ ಆಫೀಸಿಗೆ ಹೋದ. ಇವರಿಬ್ಬರೂ ಕಟ್ಟಡದ ಮೆಟ್ಟಿಲ ಮೇಲೆ ನೆರಳಿಗೆ ನಿಂತರು.

"ನಾನು ಮನಸ್ಸಲ್ಲಿ ಏನೋ ಇಟ್ಕೊಂಡಿದ್ದೆ, ತಾಯಿ."

"ಗೊತ್ತು ಮಾವ."

"ಗೊತ್ತಿತ್ತಾ?"

"ಮನೇಲಿರೋದು ಇಬ್ರೇ."

ಅವರು ತಲೆ ತಗ್ಗಿಸಿದರು. ಹೇಳಬೇಕೆಂದು ಅವಳು ಹೊರಟಿರಲಿಲ್ಲ, ಆದರೂ ಬಾಯಿಂದ ಬಂತು. "ನಿಮ್ಮ ಮಗನೂ ಹಾಗೇ ಅಂದ್ಕೊಂಡು ಹೋದ್ರು ಮಾವ. ಗೇರ್ ಹಾಕೇ ಅಂದ್ರು. ಅದೇ ಕೊನೆ. ನಿಮಗೆ ಹೇಳಿಸಿದೆ. ಅವರಿಗೆ ಯಾರ ಕೈಲಿ ಹೇಳಿಸ್ಲಿ?"

ಮಾವ ರಸ್ತೆಯ ಕಡೆ ತಿರುಗಿದರು.

"ಅವನಿಗೆ ಚಿಕ್ಕಂದಿನಿಂದಲೂ ಅದೊಂದು ಚಾಳಿ" ಎಂದರು. "ತನಗೆ ಈಜು ಬರ್ತಿರ್ಲಿಲ್ಲ. ದಡದ ಮೇಲೆ ನಿಂತು ನೀರಲ್ಲಿರೋರಿಗೆಲ್ಲ ಕೈ ಬೀಸ್ರೋ, ಕಾಲು ಬಡೀರೋ ಅಂತ ಹೇಳಿಕೊಡ್ತಿದ್ದ. ಬೈಗುಳ ಅಲ್ಲಮ್ಮ ಅದು. ದಡ ಸೇರ್ಲಿ ಅಂತ."

ಆ ಮಾತು ಅವಳ ಒಳಗೆ ಎಲ್ಲೋ ಬಿತ್ತು. ಎಲ್ಲಿ ಬಿತ್ತು ಎಂದು ಅವಳಿಗೇ ತಿಳಿಯಲಿಲ್ಲ.

ಬಸ್ಸು ಬಂತು. ಕಿಟಕಿಯ ಕಡೆಯ ಸೀಟನ್ನು ಮಾವ ಅವಳಿಗೆ ಬಿಟ್ಟರು. ಹೊರಟು ಸ್ವಲ್ಪದರಲ್ಲೇ ಅವಳ ತಲೆ ವಾಲಿತು. ಎಷ್ಟೋ ತಿಂಗಳಿಂದ ಸರಿಯಾಗಿ ಬಾರದಿದ್ದ ನಿದ್ದೆ, ಬಾಯಿ ಕೂಡ ತೆರೆದುಕೊಂಡಿತು. ಮನೆಯ ಸ್ಟಾಪು ಬಂತು, ಹೋಯಿತು. ಮೇಷ್ಟ್ರು ಕಂಡಕ್ಟರನ್ನು ಸನ್ನೆ ಮಾಡಿ ಕರೆದು, ಕೊನೆಯ ಸ್ಟಾಪಿಗೆ ಎರಡು ಟಿಕೆಟ್ ಕೊಡು ಎಂದು ಮೆಲ್ಲಗೆ ಹೇಳಿದರು.