ಭೇರ್ಯದ ವೇದಿಕೆಯಲ್ಲಿ ಆಡಿದ ಮಾತು

ಕೃಷ್ಣರಾಜನಗರದ ಸುತ್ತಲಿನ ಹತ್ತಾರು ಹಳ್ಳಿಯವರಿಗೆ ನರ್ಸಮ್ಮ ಅಂದರೆ ಯಶೋಧರಮ್ಮನೇ. ಮೂವತ್ತೊಂದು ವರ್ಷ ಮನೆಮನೆ ತಿರುಗಿ, ಬಸುರಿ ಬಾಣಂತಿಯರನ್ನು ನೋಡಿಕೊಂಡು, ಕೂಸುಗಳಿಗೆ ಚುಚ್ಚುಮದ್ದು ಹಾಕಿ ನಿವೃತ್ತಳಾದವಳು. ಅವಳ ಕೈಗುಣಕ್ಕಿಂತ ಅವಳ ಬಾಯಿಗೆ ಹೆಚ್ಚು ಹೆಸರಿತ್ತು. ಯಾರ ಮಗಳಿಗೆ ಮದುವೆಗೆ ಮುಂಚೆಯೇ ತಿಂಗಳು ನಿಂತಿತ್ತು, ಯಾವ ಯಜಮಾನನಿಗೆ ಎಂಥ ಕಾಯಿಲೆ, ಯಾವ ಸೊಸೆಯ ಬೆನ್ನ ಮೇಲೆ ಬಾಸುಂಡೆ ಎದ್ದಿತ್ತು, ಎಲ್ಲ ಗೊತ್ತಿದ್ದೂ ಒಂದಕ್ಷರ ಹೊರಗೆ ಬಿಟ್ಟವಳಲ್ಲ. "ನರ್ಸಮ್ಮಂಗೆ ಹೇಳಿದ್ರೆ ಬಾವಿಗೆ ಹಾಕ್ದಂಗೆ ಕಣ್ರೀ" ಅಂತ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಅವಳಿಗೆ ಒಳಗೊಳಗೇ ಹಿಗ್ಗು.

ಮಹೇಶ್‌ಕುಮಾರ್ ಅವಳನ್ನು ಹುಡುಕಿಕೊಂಡು ಬಂದದ್ದೂ ಅದಕ್ಕೇ. ಹುಣಸೂರಿನವನು, ನಲವತ್ತರ ಆಸುಪಾಸು. ಒಂದಷ್ಟು ಜನ ಸ್ವಯಂಸೇವಕರನ್ನು ಕೂಡಿಸಿಕೊಂಡು ಮೈಸೂರಿನ ಜೈಲಿಗೆ ಹೋಗಿ ಬರುತ್ತಿದ್ದ. ಯಶೋಧರಮ್ಮನೂ ಅವರ ಜೊತೆ ಸೇರಿಕೊಂಡಳು. ಪ್ರತಿ ಗುರುವಾರ ಮಧ್ಯಾಹ್ನ ಅಲ್ಲಿಯ ಒಂದು ಕೋಣೆಯಲ್ಲಿ ಜಮಖಾನ ಹಾಸಿ ಹದಿನಾಲ್ಕು ಕೈದಿಗಳು ಸುತ್ತ ಕೂರುತ್ತಿದ್ದರು. ಪ್ರತಿಯೊಬ್ಬನೂ ತಾನು ಮಾಡಿದ್ದನ್ನು ತನ್ನ ಬಾಯಿಂದಲೇ ಹೇಳಬೇಕು. ಅದರಿಂದ ಯಾರ ಮನೆಯಲ್ಲಿ ಏನೇನಾಯಿತು ಅಂತ ಯೋಚಿಸಬೇಕು. ನೊಂದವರು ತಾವಾಗಿ ಒಪ್ಪಿದರೆ ಮುಂದೊಂದು ದಿನ ಅವರ ಎದುರು ಕೂತು ಮಾತಾಡಬೇಕು. ಆ ಕೋಣೆಗೆ ಎರಡೇ ಕಟ್ಟಳೆ. ಒಂದು, ಇಲ್ಲಿ ಆಡಿದ ಮಾತು ಈ ಬಾಗಿಲು ದಾಟಬಾರದು. ಇನ್ನೊಂದು, ಮಾಡಿದ್ದನ್ನು ಹೇಳುವಾಗ "ಆದ್ರೆ" ಅನ್ನಬಾರದು. ಹೊಡೆದೆ, ಆದ್ರೆ ಅವನೂ ಬೈದಿದ್ದ. ಕದ್ದೆ, ಆದ್ರೆ ಮನೇಲಿ ಕಷ್ಟ ಇತ್ತು. ಯಾರಾದರೂ ಹಾಗೆ ಶುರು ಮಾಡಿದರೆ ಯಶೋಧರಮ್ಮ ಮೆಲ್ಲಗೆ ಕೈ ಎತ್ತುತ್ತಿದ್ದಳು. ಅವನು ನಾಲಿಗೆ ಕಚ್ಚಿಕೊಂಡು ಮತ್ತೆ ಮೊದಲಿಂದ ಹೇಳುತ್ತಿದ್ದ.

ಅವರಲ್ಲಿ ಒಬ್ಬ ಶಿವಶಂಕರ. ಹೆಗ್ಗಡದೇವನಕೋಟೆ ತಾಲ್ಲೂಕಿನ ಅಂತರಸಂತೆ ಕಡೆಯವನು, ಮೂವತ್ತನಾಲ್ಕು ವರ್ಷ. ಏಳು ವರ್ಷದ ಹಿಂದೆ ಹೊಲದ ದಾರಿಯ ವಿಚಾರಕ್ಕೆ ಜಗಳ ಬಿದ್ದು ಒಡಹುಟ್ಟಿದ ಅಣ್ಣ ಸ್ವಾಮಿಯ ತಲೆಗೆ ಗುದ್ದಲಿ ಕಾವಿನಲ್ಲಿ ಹೊಡೆದು ಕೊಂದಿದ್ದ. ಮೊದಲ ಐದು ತಿಂಗಳು ಬಂದು ಸುಮ್ಮನೆ ಕೂತು ಎದ್ದು ಹೋಗುತ್ತಿದ್ದವನು ಒಂದು ಗುರುವಾರ ಜಮಖಾನದ ದಾರ ಎಳೆಯುತ್ತಾ ಬಾಯಿಬಿಟ್ಟ.

"ಅಣ್ಣ ಒಂದೇ ಏಟಿಗೆ ಸತ್ತ ಅಂತ ಎಲ್ರೂ ಅನ್ಕಂಡವ್ರೆ. ನಮ್ಮವ್ವ, ಅತ್ಗೆ ಎಲ್ರೂ. ಅಂಗಲ್ಲ. ಅರ್ಧ ಗಂಟೆ ಜೀವ ಇತ್ತು. ನೀರು ಕೇಳ್ದ. ಬಿಂದಿಗೆ ಬದೀನ್ ಮ್ಯಾಲೇ ಇತ್ತು. ನಾನು ಕೊಡ್ನಿಲ್ಲ. ಸುಮ್ಕೆ ಕುಂತ್ಕಂಡು ನೋಡ್ತಿದ್ದೆ."

ಅವನು ಮುಂದುವರಿಸಿದ. ಪ್ರಾಣ ಹೋಗುವ ಮುಂಚೆ ಸ್ವಾಮಿ ಹೆಂಡತಿಗೆ ತಲುಪಿಸು ಅಂತ ಒಂದು ಮಾತು ಹೇಳಿದ್ದ. ಅದೇನೆಂದು ಕೋಣೆಯಲ್ಲಿದ್ದವರಿಗೆ ಹೇಳಿದ. ಆ ಮಾತನ್ನು ಅತ್ತಿಗೆಗೆ ಹೇಳಬೇಕಾದರೆ ಅರ್ಧ ಗಂಟೆಯ ಸಂಗತಿಯನ್ನೂ ಹೇಳಬೇಕು. ಅದಕ್ಕೇ ಏಳು ವರ್ಷ ನುಂಗಿಕೊಂಡಿದ್ದ. ಈಗ ಹೇಳಬೇಕು ಅನ್ನಿಸುತ್ತಿದೆ, ಧೈರ್ಯ ಬರಲಿ, ಅತ್ತಿಗೆ ಒಪ್ಪಲಿ, ನಾನೇ ಹೇಳ್ತೀನಿ ಅಂದ. ಆ ಸಂಜೆ ಊರಿಗೆ ಮರಳುವ ರೈಲಿನಲ್ಲಿ ಯಶೋಧರಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಿದ್ದಳು.

ಇದಾಗಿ ಮೂರು ತಿಂಗಳಿಗೆ, ಮಾರ್ಚ್‌ನಲ್ಲಿ, ಭೇರ್ಯದ ಮಹಿಳಾ ಸಂಘದವರು ಮಹಿಳಾ ದಿನಾಚರಣೆಗೆ ಅವಳನ್ನು ಕರೆದರು. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಎರಡು ಮಾತಾಡಿ ಅಂತ ಮೈಕು ಕೈಗಿತ್ತರು. ಅವಳಿಗೆ ಮುಂಚೆ ನಾಲ್ಕು ಜನ ಉದ್ದುದ್ದ ಭಾಷಣ ಬಿಗಿದಿದ್ದರು. ಶಾಮಿಯಾನದ ಹಿಂದಿನಿಂದ ಪಲಾವಿನ ವಾಸನೆ ಬರುತ್ತಿತ್ತು. ಹೆಂಗಸರು ಮಕ್ಕಳನ್ನು ಎಬ್ಬಿಸಿಕೊಂಡು, ಸೀರೆ ಕೊಡವಿಕೊಂಡು ಏಳುವುದರಲ್ಲಿದ್ದರು. ಜೈಲಿನ ಕೆಲಸದ ಬಗ್ಗೆ ಅವಳು ಬರೆದುಕೊಂಡು ಬಂದಿದ್ದ ನಾಲ್ಕು ಸಾಲು ಯಾರಿಗೂ ಬೇಕಿರಲಿಲ್ಲ.

"ನಮ್ಮ ಕೋಟೆ ತಾಲ್ಲೂಕಿನ ಕಡೆಯ ಒಬ್ಬ ಹುಡುಗ ಇದಾನೆ. ಒಡಹುಟ್ಟಿದ ಅಣ್ಣನ್ನೇ ಕೊಂದೋನು" ಅಂದುಬಿಟ್ಟಳು.

ಎದ್ದಿದ್ದವರು ಕೂತರು. ಅಷ್ಟು ಜನ ಒಟ್ಟಿಗೆ ತನ್ನ ಕಡೆ ತಿರುಗಿದ್ದು ಅವಳ ತಲೆಗೇರಿತು. ಗುದ್ದಲಿ ಕಾವು ಹೇಳಿದಳು, ಬದುವಿನ ಮೇಲಿದ್ದ ಬಿಂದಿಗೆ ಹೇಳಿದಳು, ನೀರು ಕೇಳಿದ್ದನ್ನು ಹೇಳುವಾಗ ದನಿ ತಗ್ಗಿಸಿದಳು. ಮುಂದಿನ ಸಾಲಿನ ಮುದುಕಿಯೊಬ್ಬಳು ಕಣ್ಣೊರೆಸಿಕೊಂಡಳು. ಚಪ್ಪಾಳೆ ನಿಲ್ಲಲೇ ಇಲ್ಲ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ, ಸ್ವಾಮಿಯ ಕೊನೇ ಮಾತನ್ನಂತೂ ಹೇಳಲಿಲ್ಲ. ಅಷ್ಟು ಸಾಕು ಅಂದುಕೊಂಡಳು. ಯಾರೋ ಫೋನಿನಲ್ಲಿ ಹಿಡಿದಿದ್ದ ವಿಡಿಯೋ ಸಂಜೆಯೊಳಗೆ ಸೊಸೆ ಬೃಂದಾಳ ಫೋನಿಗೂ ಬಂತು. "ಎಷ್ಟ್ ಚೆನ್ನಾಗಿ ಮಾತಾಡಿದೀರಾ ಅತ್ತೆ!" ಅಂದಳು ಅವಳು. ಯಶೋಧರಮ್ಮ ಅದನ್ನು ಮೂರು ಸಲ ಹಾಕಿಸಿಕೊಂಡು ನೋಡಿದಳು.

ನಾಲ್ಕನೇ ದಿನ ಬೆಳಿಗ್ಗೆ ಮಹೇಶ್‌ಕುಮಾರ್ ಫೋನ್ ಮಾಡಿದ. ಯಾವತ್ತೂ "ಅಮ್ಮಾ, ತಿಂಡಿ ಆಯ್ತಾ" ಅಂತ ಶುರು ಮಾಡುವವನು ಇವತ್ತು ಅದನ್ನು ಕೇಳಲಿಲ್ಲ.

"ವಿಡಿಯೋ ಅಂತರಸಂತೆ ಮುಟ್ಟಿದೆ. ಆ ಕಡೆ ಅಣ್ಣನ್ನ ಕೊಂದೋನು ಇನ್ಯಾರಿದಾನೆ ಅಮ್ಮ? ಸಂತೇಲಿ ಯಾರೋ ಸ್ವಾಮಿ ಹೆಂಡ್ತಿಗೆ ತೋರಿಸಿದಾರೆ. ಆಯಮ್ಮ ನಿನ್ನೆ ಜೈಲಿಗೆ ಬಂದಿದ್ರು. ಶಿವಶಂಕರನ್ನ ಕರೆಸಿ, ಜಾಲರಿ ಆಚೆಯಿಂದ ಒಂದೇ ಮಾತು ಕೇಳಿ ಹೋದ್ರು. 'ನೀರ್ ಕೇಳಿದ್ನಂತಲ್ಲ?' ಅಂತ."

ಯಶೋಧರಮ್ಮ ಕೈಯಲ್ಲಿದ್ದ ಕಾಫಿ ಲೋಟ ಕೆಳಗಿಟ್ಟಳು. "ನಾನು ಹೆಸರು ಹೇಳಿರ್ಲಿಲ್ಲ ಮಹೇಶ್" ಅಂದಳು. ಅವನು, "ಗುರುವಾರ ಬನ್ನಿ. ಏನ್ ಮಾಡ್ಬೇಕು ಅಂತ ಕೋಣೇಲಿ ಕೂರೋರೇ ಹೇಳ್ಲಿ" ಅಂದ.

ಗುರುವಾರ ಜೈಲಿನ ಬಾಗಿಲಲ್ಲಿ ಬ್ಯಾಗು ತೋರಿಸಿ ಅವಳು ಒಳಗೆ ಹೋದಳು. ಹದಿನಾಲ್ಕು ಜನ ಸುತ್ತ ಕೂತಿದ್ದರು. ಶಿವಶಂಕರ ಗೋಡೆಗೆ ಒರಗಿ ಕೂತು ನೆಲ ನೋಡುತ್ತಿದ್ದ. ಯಾವತ್ತೂ ಅವಳು ಬಂದರೆ ಎದ್ದು ನಿಲ್ಲುತ್ತಿದ್ದವರು ಅವತ್ತು ಯಾರೂ ಏಳಲಿಲ್ಲ. ಹೇಳಿ ಅಂತ ಮಹೇಶ್ ಸನ್ನೆ ಮಾಡಿದ.

"ನಾನು ತಪ್ಪು ಮಾಡ್ದೆ" ಅಂತ ಶುರು ಮಾಡಿದಳು. "ಇಲ್ಲಿ ಕೇಳಿದ್ದನ್ನ ಭೇರ್ಯದ ಫಂಕ್ಷನ್‌ನಲ್ಲಿ ಎಲ್ಲರ ಮುಂದೆ ಹೇಳ್ಬಿಟ್ಟೆ. ಆದ್ರೆ ಯಾರ ಹೆಸರೂ..."

"ಆದ್ರೆ ಅಂದ್ರಿ, ನರ್ಸಮ್ಮೋರೆ."

ಅಂದವನು ನಿಂಗಯ್ಯ. ಅರವತ್ತು ದಾಟಿದವನು, ಎಲ್ಲರಿಗಿಂತ ಹಳಬ. ಅವನ ದನಿಯಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು. ಅವಳ ಮುಖಕ್ಕೆ ರಕ್ತ ನುಗ್ಗಿತು. ಎಷ್ಟು ಸಲ ಇವರ ಮುಂದೆ ಕೈ ಎತ್ತಿದ್ದೆ ಅಂತ ನೆನಪಾಗಿ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮತ್ತೆ ಮೊದಲಿಂದ ಹೇಳಿದಳು.

"ಜನ ನನ್ನ ಮಾತು ಕೇಳ್ತಿರ್ಲಿಲ್ಲ. ಕೇಳ್ಲಿ ಅಂತ ಶಿವಶಂಕರನ ಮಾತು ಹೇಳ್ದೆ. ಚಪ್ಪಾಳೆ ಹೊಡೆದ್ರು. ನನಗೆ ಖುಷಿಯಾಯ್ತು. ಮನೇಲಿ ಮೂರು ಸಲ ಹಾಕ್ಕೊಂಡು ನೋಡಿದೆ."

ಮೂರು ಸಲ ನೋಡಿದ್ದನ್ನು ಹೇಳಬೇಕಾದ ಅಗತ್ಯವಿರಲಿಲ್ಲ. ಹೇಳಿದ ಮೇಲೆ ಅದೇ ಎಲ್ಲಕ್ಕಿಂತ ಹೊಲಸಾಗಿ ಕೇಳಿಸಿತು. ಶಿವಶಂಕರ ಆಗ ತಲೆಯೆತ್ತಿದ.

"ಅದು ನಾನ್ ಯೋಳ್ಬೇಕಿದ್ದ ಮಾತು, ಅಮ್ಮೋರೆ. ಮನೆ, ವಲ ಎಲ್ಲಾ ಕಳ್ಕಂಡೆ. ಅತ್ಗೆ ಮುಂದೆ ಕುಂತ್ಕಂಡು ನಿಜ ಯೋಳೋದು ಅಂತ ಅದೊಂದ್ ಉಳ್ದಿತ್ತು ನಂಗೆ. ಅದ್ನೂ ತಕ್ಕಂಡ್ ಓದ್ರಿ." ಮತ್ತೆ ಅಂದ: "ಅಣ್ಣ ಯೋಳಿದ್ ಆ ಇನ್ನೊಂದು ಮಾತ್ನಾದ್ರೂ ನಂಗೆ ಬುಟ್ಬುಡಿ."

ಇನ್ನು ಮುಂದೆ ನರ್ಸಮ್ಮ ಕೋಣೆಗೆ ಬರುವುದು ಬೇಡ ಅಂತ ಅವತ್ತು ತೀರ್ಮಾನವಾಯಿತು. ಹನ್ನೊಂದು ಜನ ಕೈ ಎತ್ತಿದರು. ಶಿವಶಂಕರ ಎತ್ತಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ನಾಳೆಯೇ ಅಂತರಸಂತೆಗೆ ಹೋಗಿ ಆ ಹೆಣ್ಣುಮಗಳ ಕಾಲು ಹಿಡಿಯುತ್ತೇನೆ ಅಂತ ಅವಳು ಹೊರಟಳು. ಮಹೇಶ್ ತಡೆದ. "ಯಾರ ಸಮಾಧಾನಕ್ಕೆ ಹೋಗ್ತೀರಮ್ಮ? ಅವರು ಬನ್ನಿ ಅಂದ್ರೆ ಹೋಗೋಣ. ಅನ್ನದಿದ್ರೆ ಇಲ್ಲ." ಕ್ಷಮೆ ಕೇಳುವುದಕ್ಕೂ ತನಗೆ ಹಕ್ಕಿಲ್ಲ ಅನ್ನುವುದು ಅವಳಿಗೆ ಆಗ ಹೊಳೆಯಿತು. ಐದು ವಾರ ಕಾದಳು. ಬೀದಿಯಲ್ಲಿ ಯಾರಾದರೂ "ವಿಡಿಯೋ ನೋಡ್ದೆ ನರ್ಸಮ್ಮ, ಕಣ್ಣೀರು ಬಂತು" ಅಂದರೆ ತಲೆತಗ್ಗಿಸಿಕೊಂಡು ಬಿರಬಿರನೆ ನಡೆದುಬಿಡುವಳು. ದಯವಿಟ್ಟು ಅಳಿಸಿ ಅಂತ ಕಂಡ ಕಂಡವರಿಗೆಲ್ಲ ಬೃಂದಾಳಿಂದ ಫೋನ್ ಮಾಡಿಸಿದಳು. ಅದು ಅಳಿಸಿ ಮುಗಿಯುವಂಥದ್ದಾಗಿರಲಿಲ್ಲ.

ಆರನೇ ವಾರ, ಬರಲಿ ಅಂತ ಸ್ವಾಮಿಯ ಹೆಂಡತಿ ಚಿಕ್ಕಬಸಮ್ಮ ಹೇಳಿಕಳಿಸಿದಳು.

ಅಂತರಸಂತೆಗೆ ಮಹೇಶನೂ ಜೊತೆಗೆ ಬಂದ. ಹೆಂಚಿನ ಮನೆ. ಜಗುಲಿಯ ಮೇಲೆ ಹತ್ತಿ ಹರಡಿತ್ತು. ಚಿಕ್ಕಬಸಮ್ಮ ಮೂವತ್ತರ ಹೆಂಗಸು, ದಿನವೂ ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋಗುವವಳು. ಅವತ್ತು ಕೆಲಸ ಬಿಟ್ಟು ಮನೆಯಲ್ಲಿದ್ದಳು. ಒಳಗಿನಿಂದ ಅವಳ ಅತ್ತೆ ಚೆಲುವಮ್ಮ ಬಂದಳು. ಸತ್ತವನಿಗೂ ಕೊಂದವನಿಗೂ ತಾಯಿ. ಬಂದವರಿಗೆ ಕೊಡುವ ಅಭ್ಯಾಸಬಲದಿಂದ ಮುದುಕಿ ಒಂದು ಚೊಂಬು ನೀರು ತಂದು ಯಶೋಧರಮ್ಮನ ಮುಂದಿಟ್ಟಳು. ಇಟ್ಟ ಮೇಲೆ ಎಲ್ಲರೂ ಆ ಚೊಂಬನ್ನೇ ನೋಡಿದರು. ಕುಡಿಯದಿದ್ದರೆ ತಪ್ಪು, ಕುಡಿದರೆ ಅದಕ್ಕಿಂತ ತಪ್ಪು ಅನ್ನಿಸಿತು ಯಶೋಧರಮ್ಮನಿಗೆ. ಎರಡು ಗುಟುಕು ಕುಡಿದಳು.

ಕೋಣೆಯಲ್ಲಿ ಹೇಳಿದ್ದನ್ನೇ ಇಲ್ಲೂ ಹೇಳಿದಳು. "ಆದ್ರೆ" ಬರಲಿಲ್ಲ. ಚಿಕ್ಕಬಸಮ್ಮ ಮಧ್ಯೆ ಬಾಯಿ ಹಾಕದೆ ಕೇಳಿದಳು. ಆಮೇಲೆ ಅಂದಳು:

"ಏಳ್ ವರ್ಸದಿಂದ ನಮ್ಮತ್ತೆಗೆ ಅದೊಂದೇ ಸಮಾಧಾನ. ನನ್ ಮಗ ನೋವುಣ್ನಿಲ್ಲ, ಒಂದೇಟ್ಗೆ ಓದ ಅಂತ. ಈಗ ರಾತ್ರಿಯೆಲ್ಲಾ ಎದ್ದು ಕುಂತ್ಕತದೆ. ಅದ್ಕೆ ಏನ್ ಮಾಡ್ತೀರಾ ನೀವು?"

ಯಶೋಧರಮ್ಮ ಚೆಲುವಮ್ಮನ ಕಡೆ ನೋಡಿದಳು.

"ಓಗ್ಲಿ, ಇದೊಂದ್ ಯೋಳಿ. ಅರ್ಧ ಗಂಟೆ ಜೀವ ಇತ್ತು ಅಂದ್ರಲ್ಲ, ನನ್ ಗಂಡ ಇನ್ನೇನಾರ ಅಂದ್ನಂತಾ? ನಂಗೆ ಏನಾರ ಯೋಳಿದ್ನಾ?"

ಯಶೋಧರಮ್ಮನಿಗೆ ಆ ಮಾತು ಗೊತ್ತಿತ್ತು. ನಾಲಿಗೆ ತುದಿಯಲ್ಲೇ ಇತ್ತು. ಅದನ್ನು ಹೇಳಿಬಿಟ್ಟರೆ ಈ ಹೆಣ್ಣಿನ ಮುಖದಲ್ಲಿ ಏನೋ ಒಂದು ಸಡಿಲವಾಗುತ್ತದೆ, ತನ್ನ ಎದೆಯ ಮೇಲಿನ ಭಾರವೂ ಒಂದಿಷ್ಟು ಇಳಿಯುತ್ತದೆ. ಮಹೇಶನ ಕಡೆ ನೋಡಿದಳು. ಅವನು ತಲೆತಗ್ಗಿಸಿ ಕೂತಿದ್ದ.

"ಅದನ್ನ ನಾನು ಹೇಳೋ ಹಂಗಿಲ್ಲ, ತಾಯಿ. ಅದನ್ನ ಶಿವಶಂಕರನೇ ಹೇಳ್ಬೇಕು."

ಚಿಕ್ಕಬಸಮ್ಮ ದಡಕ್ಕನೆ ಎದ್ದಳು. "ಸಾವ್ರ ಜನದ್ ಮುಂದೆ ಮೈಕ್ ಇಡ್ಕಂಡು ಯೋಳಾಕಾಯ್ತು. ಕಟ್ಕಂಡೋಳ್ಗೆ ಯೋಳಾಕಾಗಕಿಲ್ವಾ? ಏನೆಂಗ್ಸು ನೀವು!"

ಆ ಮಾತು ಅಕ್ಷರಶಃ ನಿಜವಾಗಿತ್ತು. ಯಶೋಧರಮ್ಮ ಜಗುಲಿಯ ಮೇಲೆ ಕೂತ ಕಡೆಯೇ ಕೂತಿದ್ದಳು, ಏಟು ತಿಂದ ಮಗುವಿನ ಹಾಗೆ. "ಹೇಳಿದ್ದೂ ನನ್ನ ತಪ್ಪೇ, ಈಗ ಹೇಳ್ದೆ ಇರೋದೂ ನಿಮಗೆ ತಪ್ಪಾಗೇ ಕಾಣುತ್ತೆ. ಬೈಯಿರಿ" ಅಂದಳು. ಚಿಕ್ಕಬಸಮ್ಮ ಬೈಯಲೂ ಇಲ್ಲ. ಒಳಗೆ ಹೋಗಿ ಕದ ಹಾಕಿಕೊಂಡಳು. ಅವರು ಬೀದಿಗಿಳಿಯುವ ತನಕ ಚೆಲುವಮ್ಮ ಹತ್ತಿಯಲ್ಲಿ ಸಿಕ್ಕಿದ್ದ ಎಲೆಚೂರು ಆರಿಸುತ್ತಾ ಕೂತಿದ್ದಳು.

ಆಮೇಲೆ ಏನು ನಡೆಯಿತು ಅನ್ನುವುದು ಯಶೋಧರಮ್ಮನಿಗೆ ಪೂರ್ತಿ ತಿಳಿಯಲಿಲ್ಲ. ಜೂನ್ ತಿಂಗಳಲ್ಲಿ ಅತ್ತೆ ಸೊಸೆ ಇಬ್ಬರೂ ಜೈಲಿಗೆ ಬಂದು, ಕೋಣೆಯಲ್ಲಿ ಶಿವಶಂಕರನ ಎದುರು ಎರಡು ಗಂಟೆ ಕೂತಿದ್ದರು ಅಂತಷ್ಟೇ ಮಹೇಶ್ ಹೇಳಿದ. ಅವಳು ಮುಂದೆ ಕೇಳಲಿಲ್ಲ. ಅವನೂ ಹೇಳಲಿಲ್ಲ. ಗುರುವಾರ ಮಧ್ಯಾಹ್ನ ಅವಳ ಕೈಗೆ ಕೆಲಸವಿರುತ್ತಿರಲಿಲ್ಲ. ಪಿರಿಯಾಪಟ್ಟಣದ ಒಂದು ಸಂಘದವರು ಭಾಷಣಕ್ಕೆ ಕರೆಯಲು ಬಂದಾಗ, ಯಾಕೆ ಬರುವುದಿಲ್ಲ ಅನ್ನುವುದನ್ನು ಮರೆಮಾಚದೆ ಹೇಳಿ ಕಳಿಸಿದಳು. ಅವರು ಮುಖ ಮುಖ ನೋಡಿಕೊಂಡು, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಊರಲ್ಲಿ ಈಗ ನರ್ಸಮ್ಮನ ಬಾಯಿಯ ಬಗ್ಗೆ ಬೇರೆ ಮಾತು ಹುಟ್ಟಿಕೊಂಡಿತ್ತು. ಅದೂ ಅವಳ ಕಿವಿಗೆ ಬಿತ್ತು. ಸುಳ್ಳೆನ್ನಲು ಬರುವಂತಿರಲಿಲ್ಲ.

ಶ್ರಾವಣದಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹಳೇ ಸಹೋದ್ಯೋಗಿಯೊಬ್ಬರ ಗೃಹಪ್ರವೇಶವಿತ್ತು. ಊಟ ಮುಗಿಸಿ ಬಸ್‌ಸ್ಟ್ಯಾಂಡಿಗೆ ಬಂದಾಗ ಎದುರಿನ ಕಲ್ಲುಬೆಂಚಿನ ಮೇಲೆ ಚಿಕ್ಕಬಸಮ್ಮ ಕೂತಿದ್ದಳು, ಮಡಿಲಲ್ಲಿ ಸಂತೆಚೀಲ. ಯಶೋಧರಮ್ಮನಿಗೆ ಮೊದಲು ಹೊಳೆದದ್ದು ಕಂಬದ ಮರೆಗೆ ಸರಿಯುವುದು. ಸರಿಯಲಿಲ್ಲ. ಕಣ್ಣು ಕೆಳಗಿಟ್ಟುಕೊಂಡು ನಿಂತಳು. ಸ್ವಲ್ಪ ಹೊತ್ತಿಗೆ ಚಿಕ್ಕಬಸಮ್ಮನೇ ಎದ್ದು ಹತ್ತಿರ ಬಂದಳು.

"ಅವ್ನು ಯೋಳ್ದ" ಅಂದಳು. "ನನ್ ಗಂಡನ್ ಮಾತು. ಅವ್ನ್ ಬಾಯಲ್ಲೇ ಕೇಳ್ಬೇಕಾಗಿತ್ತು ಅದು. ನೀವ್ ಅವತ್ತು ಯೋಳ್ದೆ ಓಗಿದ್ದು ಸರಿ ಆಯ್ತು."

ಯಶೋಧರಮ್ಮನ ಕಣ್ಣು ತುಂಬಿತು. ಏನೋ ಹೇಳಲು ಹೋದಳು.

"ಮುಂಚೆ ಯೋಳಿದ್ದನ್ನ ಮಾತ್ರ ನಾನ್ ಮರೆಯಾಕಿಲ್ಲ" ಅಂದಳು ಚಿಕ್ಕಬಸಮ್ಮ, ಅದೇ ದನಿಯಲ್ಲಿ. "ನಮ್ಮತ್ತೆ ಇನ್ನೂ ಸರಿಯಾಗಿ ಮನಗಾಕಿಲ್ಲ."

"ಮರೀಬೇಡಿ" ಅಂದಳು ಯಶೋಧರಮ್ಮ.

ಅಂತರಸಂತೆಯ ಬಸ್ಸು ಬಂತು. ಚಿಕ್ಕಬಸಮ್ಮ ಚೀಲ ಎತ್ತಿಕೊಂಡು ಜನರ ನಡುವೆ ನುಗ್ಗಿ ಹತ್ತಿದಳು. ಕಿಟಕಿಯ ಪಕ್ಕ ಜಾಗ ಸಿಕ್ಕಿತು, ಈ ಕಡೆ ತಿರುಗಿ ನೋಡಲಿಲ್ಲ. ಬಸ್ಸು ಹೊರಟು ಧೂಳು ಅಡಗುವವರೆಗೂ ಯಶೋಧರಮ್ಮ ನಿಂತೇ ಇದ್ದಳು. ಮೈಸೂರಿನ ಬಸ್ಸಿಗೆ ಕಂಡಕ್ಟರ್ ಎರಡು ಸಲ ಕೂಗಿ ಕರೆದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಹೋಗಿ, ಹಿಂದಿನ ಸೀಟಿನಲ್ಲಿ ಒಬ್ಬಳೇ ಕೂತಳು.