ಮುನ್ನೂರ ಹದಿನೇಳು ಶಾಂತಲಿಂಗಪ್ಪರು

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಶಾಂತಲಿಂಗಪ್ಪ ಎಂಬ ಹೆಸರಿನವರೆಲ್ಲ ಸೇರಿ ಒಂದು ಸಂಘ ಕಟ್ಟಿಕೊಂಡರು. ಅದಕ್ಕೆ ಕಾರಣ ಒಂದು ಕೈ. ಮಣ್ಣೂರಿನ ಶಾಂತಲಿಂಗಪ್ಪ ಕೆಮ್ಮು ಅಂತ ದವಾಖಾನೆಗೆ ಹೋಗಿದ್ದ. ಅದೇ ದಿನ ಅದೇ ಹೆಸರಿನ ಇನ್ನೊಬ್ಬ ಕೈ ಮುರಿದುಕೊಂಡು ಬಂದಿದ್ದ. ಸಂಜೆ ಹೊತ್ತಿಗೆ ಕೆಮ್ಮಿನವನ ಕೈಗೆ ಪ್ಲಾಸ್ಟರ್ ಬಿದ್ದಿತ್ತು, ಕೈ ಮುರಿದವ ಕೆಮ್ಮಿನ ಔಷಧ ಹಿಡಿದು ಊರಿನ ಬಸ್ಸು ಹತ್ತಿದ್ದ. ಕೆಮ್ಮಿನವ ಆರು ವಾರ ಕೆಮ್ಮುತ್ತ, ಗಟ್ಟಿಮುಟ್ಟಾದ ಕೈಯನ್ನು ಕೊರಳಿಗೆ ಕಟ್ಟಿಕೊಂಡು ತಿರುಗಿದ. ಇನ್ನು ಹಿಂಗ ಆಗಬಾರದು, ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಹುಡುಕಲು ಬರುವಂಥ ಒಂದು ಪುಸ್ತಕ ಆಗಬೇಕು ಎಂದು ಸಂಘ ಠರಾವು ಮಾಡಿತು.

ಆ ಕೆಲಸ ಬದರುನ್ನಿಸಾಳ ಪಾಲಿಗೆ ಬಂತು. ಹೈದರಾಬಾದಿನಲ್ಲಿ ಮಾಮೂನ ಮನೆಯಲ್ಲಿದ್ದು ಎರಡು ವರ್ಷ ಕಂಪ್ಯೂಟರ್ ಕಲಿತು ಬಂದವಳು. ಅಫಜಲಪುರದ ಬಸ್‌ಸ್ಟ್ಯಾಂಡ್ ಎದುರು ಒಂದು ಕೋಣೆಯಲ್ಲಿ ಟೈಪಿಂಗ್, ಲಗ್ನಪತ್ರಿಕೆ ಅಂತ ಅಂಗಡಿ ಇಟ್ಟಿದ್ದಳು. ೧೯೯೯ರ ನವೆಂಬರ್ ಕೊನೆಗೆ ಸಂಘದ ಅಧ್ಯಕ್ಷರು ಒಂದು ಚೀಲ ಫಾರ್ಮು ತಂದು ಅವಳ ಮೇಜಿನ ಮೇಲೆ ಸುರಿದರು. ಅವರು ಜೇವರ್ಗಿಯ ನಿವೃತ್ತ ಹೆಡ್‌ಮಾಸ್ತರ, ಅವರ ಹೆಸರೂ ಶಾಂತಲಿಂಗಪ್ಪ. ಫಾರ್ಮು ಮುನ್ನೂರ ಹದಿನೇಳು ಇದ್ದವು. ಡಿಸೆಂಬರ್ ಕೊನೆಯ ಭಾನುವಾರ ಗಾಣಗಾಪುರದಲ್ಲಿ ಸಭೆ, ಅಷ್ಟರಲ್ಲಿ ಪುಸ್ತಕ ಬೇಕು, ಹೆಸರಿನ ಪ್ರಕಾರ ಜೋಡಿಸಿರಬೇಕು ಎಂದರು.

ಬದರುನ್ನಿಸಾ ಇದನ್ನು ಹೊಸ ರೀತಿಯಿಂದ ಮಾಡಬೇಕೆಂದು ಹಟ ತೊಟ್ಟಳು. ಎಕ್ಸ್‌ಎಂಎಲ್ ಅಂದರೆ ಪ್ರತಿ ಮಾಹಿತಿಯ ಹಿಂದೆ ಮುಂದೆ ಅದು ಏನೆಂಬ ಚೀಟಿ ಅಂಟಿಸಿ ಇಡುವುದು. ಸ್ಟೈಲ್‌ಶೀಟ್ ಅಂದರೆ ಅದನ್ನು ಯಾವ ರೂಪಕ್ಕೆ ತರಬೇಕೆಂಬ ಆಜ್ಞೆಗಳ ಹಾಳೆ. ಅದರಲ್ಲಿ 'ಕೀ' ಅಂತ ಒಂದಿದೆ. ಗುರುತು ಹೇಳಿದರೆ ಸಾಕು, ಆ ಗುರುತಿನವನನ್ನು ಮಂದಿಯೊಳಗಿಂದ ತಟ್ಟನೆ ಎತ್ತಿ ಕೊಡುತ್ತದೆ. ಅಧ್ಯಕ್ಷರು ಹೇಳಿದಂತೆ ಅವಳು ಹೆಸರನ್ನೇ ಕೀ ಮಾಡಿದಳು, ಒಂದು ಹೆಸರಿಗೆ ಒಬ್ಬ ಎಂದು ಬರೆದಳು. ಪ್ರಿಂಟರು ಒಂದೇ ಹಾಳೆ ಹೊರಗೆ ಹಾಕಿತು. ಅದರಲ್ಲಿ ಒಬ್ಬನೇ ಶಾಂತಲಿಂಗಪ್ಪ ಇದ್ದ, ಆಳಂದದವ. ಫಾರ್ಮು ಮೊದಲು ತುಂಬಿದವ ಅವನೇ.

ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. "ತಂಗಿ, ನಮ್ಮ ಸಂಘದಾಗ ಈಗ ಇವ ಒಬ್ಬನ ಉಳದಾನೇನು?" ಎಂದರು. ಆಮೇಲೆ ಮೆಲ್ಲಗೆ, "ಇವ ತೀರಿಕೊಂಡು ಮೂರು ತಿಂಗಳಾತು" ಎಂದರು.

ತಂದೆಯ ಹೆಸರು ಹಾಕಿ ನೋಡಿದಳು. ನೂರಾ ತೊಂಬತ್ತು ಮಂದಿಯ ತಂದೆ ಸಿದ್ಧಲಿಂಗಪ್ಪ. ಊರಿನ ಹೆಸರು ಹಾಕಿದಳು. ಮಣ್ಣೂರೊಂದರಲ್ಲೇ ನಲವತ್ತೊಂದು ಮಂದಿ ಇದ್ದರು. ನಾಲ್ಕು ದಿನ ಹೀಗೇ ಹೋದವು. ಐದನೆಯ ದಿನ ಊಟಕ್ಕೆ ಕೂತಾಗ, ಅಂಗಡಿಗೆ ಇವತ್ತೊಬ್ಬ ಶಾಂತಲಿಂಗಪ್ಪ ಬಂದಿದ್ದ ಎಂದು ತಾಯಿ ಅಜೀಜಾಬಿಗೆ ಹೇಳಿದಳು. ಯಾವನು, ಛತ್ರಿ ಶಾಂತಪ್ಪನೋ, ಅರ್ಧಗಂಟೆ ಶಾಂತಪ್ಪನೋ ಎಂದು ತಾಯಿ ಕೇಳಿದಳು. ಬದರುನ್ನಿಸಾಳ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. ಕೀ ಊರ ಮಂದಿಯ ಬಾಯಲ್ಲೇ ಇತ್ತು, ಫಾರ್ಮಿನಲ್ಲಿ ಮಾತ್ರ ಇರಲಿಲ್ಲ.

ಬಳೆ ಮಾರುವ ಕಸ್ತೂರಿಬಾಯಿಯನ್ನು ಜೊತೆ ಮಾಡಿಕೊಂಡು ಎಂಟು ದಿನ ಬಸ್ಸಿನಲ್ಲಿ ಊರೂರು ತಿರುಗಿದಳು. ಕಸ್ತೂರಿಬಾಯಿ ಬಳೆ ಇಡಿಸುತ್ತ ಕೇಳುವಳು, ಬದರುನ್ನಿಸಾ ಬರೆದುಕೊಳ್ಳುವಳು. ಗಂಡಸರನ್ನು ಕೇಳಲಿಲ್ಲ, ಕೇಳಿದರೂ ಅವರು ತಮ್ಮ ಅಡ್ಡಹೆಸರು ಹೇಳುವವರಲ್ಲ. ಜಿಡಗಾದ ಮಠಕ್ಕೆ ಹೋದಾಗಲೆಲ್ಲ ಬೇರೆಯವರ ಚಪ್ಪಲಿ ಮೆಟ್ಟಿಕೊಂಡು ಬರುವವ 'ಚಪ್ಪಲ್ ಬದಲಿ'. ಸ್ವಂತ ಮಗನನ್ನೇ ಎರಡು ಸಲ ನಪಾಸು ಮಾಡಿದ ಅಧ್ಯಕ್ಷರು 'ಫೇಲ್ ಮಾಸ್ತರ'.

ಈಗ ಕೆಲಸ ಮೂರು ಸುತ್ತಿನದಾಯಿತು. ಮೊದಲನೆಯ ಸುತ್ತಿನಲ್ಲಿ ಪ್ರತಿ ಶಾಂತಲಿಂಗಪ್ಪನಿಗೆ ಅವನ ಅಡ್ಡಹೆಸರು ಅಂಟಿಸುವುದು. ಎರಡನೆಯದರಲ್ಲಿ ಆ ಅಡ್ಡಹೆಸರನ್ನೇ ಕೀ ಮಾಡಿ ಹುಡುಕಿ, ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಂಬರು ಕೊಡುವುದು. ಮೂರನೆಯದರಲ್ಲಿ ಅಡ್ಡಹೆಸರನ್ನು ಅಳಿಸಿ, ಮರ್ಯಾದೆಯ ಹೆಸರು, ನಂಬರು, ವಿಳಾಸ ಮಾತ್ರ ಉಳಿಸುವುದು. ಮೊದಲ ಸುತ್ತಿನ ಫಲವನ್ನು ಅವಳು ಒಂದು ವೇರಿಯಬಲ್‌ನಲ್ಲಿ, ಅಂದರೆ ಹೆಸರು ಬರೆದ ಡಬ್ಬಿಯಂಥದ್ದರಲ್ಲಿ ತುಂಬಿಟ್ಟಳು. ಅದೊಂದು ವಿಚಿತ್ರ ಡಬ್ಬಿ. ಬದಲಾಗುವಂಥದ್ದು ಅಂತ ಅದಕ್ಕೆ ಹೆಸರು, ಆದರೆ ಒಮ್ಮೆ ತುಂಬಿದ ಮೇಲೆ ಏನು ಮಾಡಿದರೂ ಬದಲಾಗದು. ಇದನ್ನು ಕೇಳಿ ಅಜೀಜಾಬಿ, ನಿಮ್ಮ ಅಬ್ಬಾನೂ ಹಾಂಗೇ ಇದ್ದರು ಎಂದಳು. ಸಾಲದ್ದಕ್ಕೆ ಕೀ ಆ ಡಬ್ಬಿಯೊಳಗೆ ಇಣುಕಲೂ ಒಪ್ಪಲಿಲ್ಲ. ಒಳಗಿರುವುದನ್ನು ಇದ್ದಹಾಗೆ ಹೊರಗೆ ಸುರಿಯಬಹುದು, ಒಳಗೆ ಹುಡುಕುವಂತಿಲ್ಲ. ಎರಡು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಪ್ರತಿ ಸುತ್ತಿನ ಫಲವನ್ನೂ ಬೇರೆ ಫೈಲಿಗೆ ಬರೆದು, ಅದನ್ನೇ ಮುಂದಿನ ಸುತ್ತಿಗೆ ಹೊಸದಾಗಿ ಓದಿಸಿದಳು. ಕೆಲಸ ಹರಿಯಿತು.

ತಪ್ಪಿದ್ದು ಕಡೆಗಳಿಗೆಯಲ್ಲಿ. ಮೂರು ಫೈಲು ಮೂರು ಕಡೆ ಇದ್ದವು. ಮೂರಕ್ಕೂ ಅವಳು ಇಟ್ಟ ಹೆಸರು ಶಾಂತಲಿಂಗಪ್ಪ. ಕರೆಂಟು ಹೋಗುತ್ತ ಬರುತ್ತ ಇದ್ದಾಗ ಅವಸರದಲ್ಲಿ ಎರಡನೆಯ ಸುತ್ತಿನದ್ದೇ ಛಾಪಖಾನೆಗೆ ಹೋಯಿತು.

ಗಾಣಗಾಪುರದ ಲಾಡ್ಜಿನ ಹಾಲಿನಲ್ಲಿ ಪುಸ್ತಕ ಹಂಚಿದ ಮೇಲೆ ಅವಳು ಮೊದಲ ಪುಟ ತೆರೆದಳು. 'ಅಡಕಿ ಕದ್ದಾವ' ಎಂದು ದಪ್ಪ ಅಕ್ಷರದಲ್ಲಿತ್ತು. ಎದ್ದು ಓಡಿಹೋಗೋಣವೆಂದರೆ ಬಾಗಿಲ ತುಂಬ ಶಾಂತಲಿಂಗಪ್ಪರು. ಹಾಲಿನ ತುಂಬ ಪುಟ ತಿರುವುವ ಸದ್ದು. ಆಮೇಲೆ ಒಂದು ಮೂಲೆಯಲ್ಲಿ ಯಾರೋ ನಕ್ಕರು, ನಗು ಸಾಲಿನಿಂದ ಸಾಲಿಗೆ ಹಬ್ಬಿತು. ಒಬ್ಬೊಬ್ಬರೇ ತಮ್ಮ ತಮ್ಮ ಪುಟಕ್ಕೆ ಬಂದಂತೆ ಒಬ್ಬೊಬ್ಬರ ನಗುವೂ ನಿಂತಿತು. ಅಧ್ಯಕ್ಷರು ಮೈಕಿನ ಮುಂದೆ ಬಂದು 'ಫೇಲ್ ಮಾಸ್ತರ' ಇದ್ದ ಪುಟದ ಮೇಲೆ ಹೆಬ್ಬೆರಳಿಟ್ಟು, ಯಾರದಾದರೂ ತಕರಾರು ಇದೆಯೇ ಎಂದು ಕೇಳಿದರು. ಬದರುನ್ನಿಸಾ ಪಕ್ಕದಲ್ಲಿ ಕೂತಿದ್ದ ಕಸ್ತೂರಿಬಾಯಿಯ ಕೈ ಹಿಡಿದುಕೊಂಡಳು.

ತಕರಾರು ಇತ್ತು. 'ಅರ್ಧಗಂಟೆ' ಎಂದು ಇಬ್ಬರ ಹೆಸರು ಬಂದಿತ್ತು. ಮೂವತ್ತು ವರ್ಷದಿಂದ ಎಲ್ಲಿಗೂ ಹೊತ್ತಿಗೆ ಹೋಗದವ ನಾನು, ಆ ಮಾತು ನನ್ನದು ಎಂದು ಅಫಜಲಪುರದವ ಎದ್ದು ನಿಂತ. ಜೇವರ್ಗಿಯವನ ಪರವಾಗಿ ಅವನ ಹೆಂಡತಿ ಸುಭದ್ರಾಬಾಯಿ ಎದ್ದಳು.

"ಅವರು ಇನ್ನೂ ಬಂದಿಲ್ಲರಿ," ಎಂದಳು. "ಅದಕ್ಕ ನಾ ಮಾತಾಡಾಕತ್ತೇನಿ."

ಸಭೆ ಅಲ್ಲಿಯೇ ಜೇವರ್ಗಿಯವನ ಕಡೆ ತೀರ್ಪು ಕೊಟ್ಟಿತು. ಸೋತವ ಅಳುಮುಖ ಮಾಡಿಕೊಂಡು ಕೂತ. ಮಧ್ಯಾಹ್ನದ ಊಟದವರೆಗೂ ಇಂಥ ತಂಟೆಗಳೇ ನಡೆದವು. ಒಬ್ಬನಿಗೆ ತನ್ನದು ಸಣ್ಣದಾಯಿತು, ಇನ್ನೊಬ್ಬನಿಗೆ ಪಕ್ಕದ ಮನೆಯವನದು ತನಗೆ ಬರಬೇಕಿತ್ತು. ಅಡ್ಡಹೆಸರು ತೆಗೆಯಿರಿ ಎಂದವರು ಒಬ್ಬರೂ ಇಲ್ಲ. ತಿದ್ದಿ ಎರಡನೆಯ ಸಲ ಅಚ್ಚು ಹಾಕಿಸಬೇಕೆಂದು ಠರಾವಾಯಿತು.

ಮೂರು ದಿನದ ಮೇಲೆ ಅಂಗಡಿಗೆ ಒಬ್ಬ ಮನುಷ್ಯ ಬಂದ. ಜೇವರ್ಗಿ ಕಡೆಯ ಸಣ್ಣ ಹಳ್ಳಿಯವ, ಐವತ್ತರ ಆಸುಪಾಸು. ನಾನು ಶಾಂತಲಿಂಗಪ್ಪ ಎಂದ, ಅಷ್ಟಕ್ಕೇ ನಿಲ್ಲಿಸಿದ. ಪುಸ್ತಕದಲ್ಲಿ ಅಡ್ಡಹೆಸರಿನ ಜಾಗ ಖಾಲಿ ಉಳಿದದ್ದು ಅವನೊಬ್ಬನದು. ಬದರುನ್ನಿಸಾಳಿಗೆ ನೆನಪಿತ್ತು. ಅವನ ಓಣಿಯ ಹೆಂಗಸರು ಬಳೆ ಇಡಿಸಿಕೊಳ್ಳುತ್ತ, ಹಾಂಗೊಬ್ಬ ನಮ್ಮಲ್ಲಿ ಇದ್ದಾನೇನು ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡಿದ್ದರು. ಮುಚ್ಚಿಡದೆ ಅದನ್ನೇ ಹೇಳಿದಳು. ಅವನು ಇರಬಹುದು ಎಂದು ತಲೆಯಾಡಿಸಿದ.

ಅವನು ಜಗಳಕ್ಕೆ ಬಂದಿರಲಿಲ್ಲ. ಚೀಲದಿಂದ ತನ್ನ ಪ್ರತಿ ತೆಗೆದು ಮೇಜಿನ ಮೇಲಿಟ್ಟ. ಎಲ್ಲರೂ ತಮ್ಮ ಪುಟ, ಆಗದವರ ಪುಟ ಅಷ್ಟೇ ನೋಡಿದ್ದರು. ಇವನು ಮೊದಲಿನಿಂದ ಕೊನೆಯವರೆಗೆ ಓದಿ, ತಪ್ಪಿದ್ದ ಹದಿನಾಲ್ಕು ವಿಳಾಸಗಳನ್ನು ಪೆನ್ಸಿಲ್ಲಿನಿಂದ ತಿದ್ದಿ ತಂದಿದ್ದ. ಬದರುನ್ನಿಸಾ ಚಹಾ ತರಿಸಿದಳು. ಇಬ್ಬರೂ ಕೂತು ಹದಿನಾಲ್ಕನ್ನೂ ಸರಿ ಮಾಡಿದರು. ಆಮೇಲೆ ಅವಳು ಸಂಕೋಚದಿಂದಲೇ, ನಿಮ್ಮದಕ್ಕೆ ಏನು ಹಾಕಲಿ, ನೀವೇ ಒಂದು ಹೇಳಿರಿ ಎಂದಳು.

ಅವನು ಪೆನ್ಸಿಲ್ಲನ್ನು ಅಂಗಿಯ ಕಿಸೆಗೆ ಸೇರಿಸಿದ.

"ಖಾಲಿ ಬಿಡ್ರಿ," ಎಂದ. "ಖಾಲಿ ಇದ್ದಾವ ನಾ ಒಬ್ಬನ ಅದೇನಿ. ಹುಡುಕೋರಿಗೆ ಸಸಾರ ಆಗ್ತದ."

ಬದರುನ್ನಿಸಾ ಕಂಪ್ಯೂಟರಿನ ಕಡೆ ತಿರುಗಿ, ಕೀ ಬರೆಯುವ ಜಾಗದಲ್ಲಿ ಏನನ್ನೂ ಬರೆಯದೆ ಹುಡುಕು ಎಂದು ಕೊಟ್ಟಳು. ಅಡ್ಡಹೆಸರಿದ್ದ ಮುನ್ನೂರ ಹದಿನಾರು ಮಂದಿಯೂ ಸರಿದುಹೋದರು. ತೆರೆಯ ಮೇಲೆ ಒಬ್ಬನೇ ನಿಂತ, ಅವನ ಊರು, ಓಣಿ, ಮನೆಯ ಗುರುತು ಸಮೇತ. ಅವನು ಕುರ್ಚಿ ಮುಂದೆ ಎಳೆದುಕೊಂಡು ಒಂದೊಂದೇ ಅಕ್ಷರ ಓದಿದ. ಮನೆಯ ಮುಂದೆ ಇರುವುದು ಬೇವಿನ ಗಿಡ, ಬನ್ನಿ ಅಲ್ಲ ಎಂದು ತಿದ್ದಿಸಿದ. ಆಮೇಲೆ ಜೇವರ್ಗಿಗೆ ನಾಲ್ಕರ ಬಸ್ಸು ಹೋಯಿತೇನು ಎಂದು ಕೇಳುತ್ತ ಚಪ್ಪಲಿ ಮೆಟ್ಟಿಕೊಂಡ.