ಚಿಕ್ಕಬಾಣಾವರದ ಮಿಸ್ಡ್ ಕಾಲ್

ಗೌರಿ ಹಬ್ಬ ಕಳೆದು ಪಿತೃಪಕ್ಷ ಹಿಡಿಯುವ ಹೊತ್ತಿಗೆ ‘ಗೂಡೆ’ಗೆ ಚಿಕ್ಕಬಾಣಾವರದ ಕಡೆಯಿಂದ ಆರ್ಡರ್ ಬರುವುದು ಹೆಚ್ಚುಕಡಿಮೆ ನಿಂತೇಹೋಯಿತು. ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಪಕ್ಷದಲ್ಲಿ ಜನ ಹೊಸದೇನೂ ಕೊಳ್ಳುವುದಿಲ್ಲ ಎಂದು ಮಾಲೀಕ ಶಿವರಾಮ್ ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೆ ಗೂಡೆ ಮಾರುತ್ತಿದ್ದದ್ದು ಚಿನ್ನವನ್ನಲ್ಲ, ತರಕಾರಿಯನ್ನು. ಎಡೆ ಇಡುವ ಮನೆಗಳಿಗೆ ಪಕ್ಷದಲ್ಲೇ ತರಕಾರಿ ಹೆಚ್ಚು ಬೇಕು.

ಗೂಡೆ ಎಂದರೆ ಯಲಹಂಕ ಉಪನಗರದಲ್ಲಿ ಒಂದು ಪೇಂಟ್ ಅಂಗಡಿಯ ಮಹಡಿಯ ಮೇಲಿದ್ದ ಆನ್‌ಲೈನ್ ಅಂಗಡಿ. ಜನ ವೆಬ್‌ಸೈಟಿನಲ್ಲಿ ಸೊಪ್ಪು, ತರಕಾರಿ ಆರಿಸಿ ಬುಟ್ಟಿಗೆ ಹಾಕಿದರೆ ಅದೇ ದಿನ ಆಟೋದಲ್ಲಿ ಮನೆಗೆ ಹೋಗುತ್ತಿತ್ತು. ಸೈಟು ಕಟ್ಟಿದವನು ಗಿರಿ. ಅದು ನಡೆಯುತ್ತಿದೆಯೋ ಮಲಗಿದೆಯೋ ಎಂದು ಕಾಯುವುದು ಬಾಗಲೂರಿನ ಮಾಲಾಳ ಕೆಲಸ.

ಕಾಯಲು ಅವಳಿಗೆ ಒಂದು ಸ್ಕ್ರೀನ್ ಕೊಟ್ಟಿದ್ದರು. ಸೈಟು ಎದ್ದಿದ್ದರೆ ಹಸಿರು, ಬಿದ್ದರೆ ಕೆಂಪು. ಮಾಲಾಗೆ ಅದರ ಮೇಲೆ ಪೂರ್ತಿ ನಂಬಿಕೆಯಿರಲಿಲ್ಲ. ಅದು ಬರೀ ತಲೆಬಾಗಿಲು ತಟ್ಟಿ ನೋಡುತ್ತದೆ, ಅಡುಗೆಮನೆಯಲ್ಲಿ ಒಲೆ ಉರಿಯುತ್ತಿದೆಯೇ ಎಂದು ನೋಡುವುದಿಲ್ಲ ಎನ್ನುತ್ತಿದ್ದಳು. ಅದಕ್ಕೆಂದೇ ನೆಂಟರನ್ನು ಕಟ್ಟಿಕೊಂಡು ತನ್ನದೇ ಒಂದು ಏರ್ಪಾಟು ಮಾಡಿದ್ದಳು. ಬಾಗಲೂರಿನಲ್ಲಿ ಅಣ್ಣ, ಆರ್.ಟಿ. ನಗರದಲ್ಲಿ ಚಿಕ್ಕಮ್ಮನ ಮಗಳು, ಚಿಕ್ಕಬಾಣಾವರದಲ್ಲಿ ಸೋದರತ್ತೆ ಅಂಜಿನಮ್ಮ. ಒಬ್ಬೊಬ್ಬರ ಫೋನಿನಲ್ಲಿ ಒಂದೊಂದು ಕಂಪನಿಯ ಸಿಮ್ಮು. ದಿನಾ ಬೆಳಿಗ್ಗೆ ಅವರು ಸೈಟು ತೆಗೆದು, ಏನಾದರೊಂದು ಬುಟ್ಟಿಗೆ ಹಾಕಿ, ಕೊನೆಯ ಪುಟದವರೆಗೆ ಹೋಗಿ ನೋಡಬೇಕು. ಸರಿಯಿದ್ದರೆ ಮಿಸ್ಡ್ ಕಾಲ್, ಕೆಟ್ಟಿದ್ದರೆ ಪೂರ್ತಿ ಕಾಲ್ ಮಾಡಿ ಹೇಳಬೇಕು. ಇದು ಶಿವರಾಮ್‌ಗೆ ಎಷ್ಟು ಹಿಡಿಸಿತೆಂದರೆ, ಇಲ್ಲೇ ಯಲಹಂಕದ ಹತ್ತಿರದ ಸಿಂಗಾಪುರವೆಂಬ ಊರಿನಲ್ಲಿದ್ದ ತನ್ನ ತಾಯಿ ಮುನಿಕೆಂಪಮ್ಮನನ್ನೂ ಇದಕ್ಕೆ ಸೇರಿಸಿದ್ದ.

ಶುಕ್ರವಾರ ಅವನು ಮಾಲಾಳನ್ನು ಕರೆದ.

“ನೋಡಮ್ಮ, ನಿನ್ ಸ್ಕ್ರೀನು ಹಸಿರು. ನಿಮ್ಮ ನೆಂಟ್ರೆಲ್ಲಾ ಚೆನ್ನಾಗಿದೆ ಅಂತಾರೆ. ಕಸ್ಟಮರ್ ಮಾತ್ರ ಬುಟ್ಟಿ ಒತ್ತಿದ್ರೆ ಬಿಳೀ ಪುಟ ಬರ್ತಿದೆ ಅಂತ ಬೈತಾವ್ರೆ. ಯಾರನ್ನ ನಂಬ್ಲಿ ನಾನು?”

“ಎರಡು ದಿನ ಕೊಡಿ ಸಾರ್.”

“ಸೋಮವಾರ ಬೆಳಿಗ್ಗೆವರ್ಗೂ ಕೊಡ್ತೀನಿ. ಆಮೇಲೆ ಈ ಕೆಲಸನ ಹೆಬ್ಬಾಳದಲ್ಲಿ ಸೈಟು ಕಾಯೋ ಏಜೆನ್ಸಿಯೋರಿಗೆ ವಹಿಸ್ಬಿಡ್ತೀನಿ. ಅವ್ರಿಗೂ ನಿಂಗೂ ಇಬ್ರಿಗೂ ದುಡ್ಡು ಕೊಡಕ್ಕೆ ನನ್ ಕೈಲಾಗಲ್ಲ.”

ಮಾಲಾಗೆ ಅಳು ಬರಲಿಲ್ಲ. ಇಲ್ಲಿಗೆ ಬರುವ ಮೊದಲು ಅವಳು ಏರ್‌ಪೋರ್ಟ್ ರಸ್ತೆಯ ಒಂದು ಗೋದಾಮಿನಲ್ಲಿ ದಿನವಿಡೀ ನಿಂತು ಡಬ್ಬಗಳ ಮೇಲೆ ಚೀಟಿ ಅಂಟಿಸುತ್ತಿದ್ದಳು. ಉಚ್ಚೆಗೆ ಹೋಗಲೂ ಸೂಪರ್‌ವೈಸರನ್ನು ಕೇಳಬೇಕಿತ್ತು. ಗೂಡೆಯ ಕೆಲಸ ಹೋದರೆ ಮತ್ತೆ ಅಲ್ಲಿಗೇ. ಅದಷ್ಟೇ ಅವಳ ತಲೆಯಲ್ಲಿದ್ದದ್ದು.

ಶನಿವಾರವೆಲ್ಲ ಸರ್ವರಿನ ದಾಖಲೆ ಹಿಡಿದು ಕೂತಳು. ಆ ಕಡೆಯ ಜನ ಬರುತ್ತಿದ್ದರು, ತರಕಾರಿ ಆರಿಸುತ್ತಿದ್ದರು, ಬುಟ್ಟಿಯ ಪುಟಕ್ಕೆ ಹೋಗುತ್ತಿದ್ದರು. ಅಲ್ಲಿಂದ ಮುಂದಕ್ಕೆ ಯಾರೂ ಇಲ್ಲ. ಆಫೀಸಿನಲ್ಲಿ ಅದೇ ಪುಟ ಚಿಟಿಕೆ ಹೊಡೆಯುವಷ್ಟರಲ್ಲಿ ತೆರೆದುಕೊಳ್ಳುತ್ತಿತ್ತು.

“ನಮ್ಮಲ್ಲಿ ಬರ್ತಿದೆ ಗುರು,” ಎಂದ ಗಿರಿ, ಕುರ್ಚಿ ಕೂಡ ತಿರುಗಿಸದೆ.

“ನಮ್ಮಲ್ಲಿ ಬರೋದೇನ್ ದೊಡ್ಡ ವಿಷ್ಯ? ಹೆತ್ತೋರಿಗೆ ಹೆಗ್ಗಣ ಮುದ್ದು.”

“ನಿಮ್ಮತ್ತೆಗೂ ಬರ್ತಿದ್ಯಲ್ಲ! ಅವ್ರೇನ್ ನನ್ ಹೆಗ್ಗಣ ಹೆತ್ತಿದಾರಾ?”

ಇಡೀ ಲೆಕ್ಕ ಕೆಡುತ್ತಿದ್ದದ್ದು ಅಲ್ಲಿಯೇ. ಸುತ್ತಲಿನವರಿಗೆಲ್ಲ ಬಿಳೀ ಪುಟ ಬರುವ ಊರಿನಲ್ಲಿ ಅಂಜಿನಮ್ಮನೊಬ್ಬಳಿಗೆ ಹೇಗೆ ಸರಿಯಾಗಿ ಬರುತ್ತದೆ?

ಭಾನುವಾರ ಆಫೀಸಿನ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು, ಎರಡು ಬಸ್ಸು ಬದಲಿಸಿ, ಚಿಕ್ಕಬಾಣಾವರಕ್ಕೆ ಹೋದಳು. ಅಂಜಿನಮ್ಮ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಕಾಜಾ ಹೊಲಿಯುವವಳು. ವಾರಕ್ಕೊಂದು ರಜೆಯಲ್ಲಿ ಬಟ್ಟೆ ಒಗೆದು, ತಲೆಗೆ ಎಣ್ಣೆ ಹಚ್ಚಿಕೊಂಡು, ಅವರೆಕಾಳು ಬೇಯಿಸಲು ಇಟ್ಟಿದ್ದಳು.

“ಏನೇ ಇಷ್ಟ್ ಬೆಳಿಗ್ಗೆ? ಗಂಡು ಗಿಂಡು ನೋಡ್ಕೊಂಡ್ಯಾ?”

“ಇಲ್ಲ ಅತ್ತೆ. ದಿನಾ ನಮ್ ಸೈಟು ನೋಡ್ತೀಯಲ್ಲ, ಹೆಂಗೆ ನೋಡ್ತೀಯೋ ಹಂಗೇ ಮಾಡಿ ತೋರಿಸು.”

ಅಂಜಿನಮ್ಮ ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನ್ ತೆಗೆದಳು. ಸೈಟು ಬಂತು. ಬೆಂಡೆಕಾಯಿ ಆರಿಸಿದಳು. ಬುಟ್ಟಿ ಒತ್ತಿದಳು. ಪುಟ ಬೆಳ್ಳಗಾಯಿತು. ಬೆಳ್ಳಗೇ ಇತ್ತು. ಅಂಜಿನಮ್ಮ ಸ್ವಲ್ಪವೂ ಅಳುಕದೆ ಸೈಟು ಮುಚ್ಚಿ ಇನ್ನೇನೋ ಒತ್ತಿದಳು. ಮಾಲಾಳ ತೊಡೆಯ ಮೇಲಿದ್ದ ಫೋನ್ ಒಂದು ಸಲ ಗುಂಯ್ ಎಂದು ನಿಂತಿತು. ಮಿಸ್ಡ್ ಕಾಲ್.

“ಅತ್ತೆ! ಪುಟಾನೇ ಬರ್ಲಿಲ್ವಲ್ಲ?”

“ಬರ್ಲಿಲ್ಲ. ಬತ್ತದೆ ಬಿಡು.”

“ಎಷ್ಟು ದಿನದಿಂದ ಹಿಂಗೆ?”

“ಗೌರಮ್ಮನ್ನ ಬಿಟ್ಟಾಗ್ಲಿಂದ್ಲೂ ಇಂಗೇ.”

“ಮತ್ತೆ ಸರಿಯಾಗಿದೆ ಅಂತ ಯಾಕ್ ಮಿಸ್ಡ್ ಕಾಲ್ ಕೊಟ್ಟೆ?”

ಅಂಜಿನಮ್ಮನಿಗೆ ಕೋಪ ಬಂತು. “ಬೆಳಿಗ್ಗೆ ಎದ್ದು ಇನ್ನೂ ಬಾಯಿಗೆ ನೀರ್ ಬಿಟ್ಟಿಲ್ಲ, ಅವ್ರಿವ್ರ ಅಂಗಡೀಗೆ ‘ಇಲ್ಲ, ಬರಲ್ಲ’ ಅಂತ ಏಳಕ್ಕಾಯ್ತದೇನೇ? ಅದೂ ನಿನ್ ಅನ್ನದ ಅಂಗಡಿ! ನಮ್ಮವ್ವ ಸಾಯೋಗಂಟ, ಕಾಳು ಕೇಳ್ಕಂಡ್ ಬಂದೋರ್ಗೆ ಒತ್ತಾರೆ ಒತ್ತು ‘ಇಲ್ಲ’ ಅಂದೋಳಲ್ಲ. ‘ಆಮೇಲ್ ಬಾ’ ಅಂತಿದ್ಲು. ಮಿಸ್ಡ್ ಕಾಲ್ ಕೊಟ್ಟು, ಎಲ್ಲಾ ಸರಿಯಾಗ್ಲಪ್ಪಾ ಅಂತ ದೀಪದ್ ಕಡೆ ಕೈ ಮುಗೀತಿದ್ದೆ.”

ಮಾಲಾಗೆ ಬೈಯಲು ಸಿಟ್ಟೇ ಹುಟ್ಟಲಿಲ್ಲ. ತನ್ನ ಅಜ್ಜಿ ಹಾಗೆ ಹೇಳುತ್ತಿದ್ದದ್ದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆ ಮೊದಲ ಕೆಲಸವೆಂದು ‘ಕೆಟ್ಟಿದೆಯಾ’ ಎಂದು ಕೇಳುವ ಏರ್ಪಾಟು ಮಾಡಿದವಳು ತಾನೇ.

ಅತ್ತೆಯ ಫೋನಿನ ಇಂಟರ್ನೆಟ್ಟನ್ನು ಲ್ಯಾಪ್‌ಟಾಪಿಗೆ ಕೊಟ್ಟುಕೊಂಡು ಅದೇ ಪುಟವನ್ನು ತೆಗೆದಳು. ಅಲ್ಲೂ ಬಿಳಿ. ಆದರೆ ಲ್ಯಾಪ್‌ಟಾಪಿನಲ್ಲಿ ಪುಟದ ಒಂದೊಂದು ತುಂಡೂ ಎಲ್ಲಿಂದ ಬರುತ್ತಿದೆ, ಯಾವುದು ಬಂದಿಲ್ಲ ಎಂದು ಬಿಡಿಸಿ ನೋಡಬಹುದಿತ್ತು. ಎಲ್ಲ ಬಂದಿತ್ತು, ಒಂದನ್ನು ಬಿಟ್ಟು. ಹಬ್ಬದ ರಿಯಾಯಿತಿ ಮುಗಿಯಲು ಇನ್ನೆಷ್ಟು ಹೊತ್ತು ಉಳಿದಿದೆ ಎಂದು ತೋರಿಸುವ ಗಡಿಯಾರ. ಅದು ಗೂಡೆಯದಲ್ಲ, ಹೊರಗಿನ ಇನ್ಯಾರದೋ ಸರ್ವರಿನಿಂದ ತರಿಸಿಕೊಂಡದ್ದು. ಅದು ಬರುವವರೆಗೂ ಉಳಿದದ್ದೆಲ್ಲ ಕೈಕಟ್ಟಿ ಕಾಯುತ್ತಿತ್ತು.

ಗಿರಿಗೆ ಫೋನ್ ಮಾಡಿದಳು.

“ಆ ಗಡಿಯಾರಾನಾ? ಹಬ್ಬ ಆಗಿದ್ ಮಾರನೇ ದಿನಾನೇ ತೆಗೆದೆ ಗುರು.”

“ತೆಗೆದಿಲ್ಲ. ಕಣ್ಣಿಗೆ ಕಾಣದಂಗೆ ಮುಚ್ಚಿಟ್ಟಿದೀಯ. ಒಳಗೆ ಇನ್ನೂ ಕೂಗಿ ಕರೀತಾ ಇದೆ.”

ಆ ಕಡೆ ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು. “ಅಯ್ಯೋ. ಹೌದು. ಆದ್ರೆ ಬೇರೆಯೋರಿಗೆಲ್ಲ ಬರ್ತಿದ್ಯಲ್ಲ?”

“ಅತ್ತೆ ಸಿಮ್ಮಿನ ಕಂಪನಿಯಿಂದ ಆ ಸರ್ವರಿಗೆ ಹಬ್ಬ ಆದ್ಮೇಲೆ ದಾರೀನೇ ಕಟ್ಟಾಗಿದೆ ಅನ್ಸತ್ತೆ. ನಮ್ಮಲ್ಲಿ ಬೇರೆ ಯಾರ ಹತ್ರಾನೂ ಈ ಸಿಮ್ಮಿಲ್ಲ.”

“ಇಲ್ಲಿ ಎಲ್ಲಾರ್ ತಾವೂ ಇದೇಯ,” ಎಂದಳು ಅಂಜಿನಮ್ಮ ಒಲೆಯ ಬಳಿಯಿಂದ. “ರೈಲ್ವೆ ಸ್ಟೇಷನ್ ಮುಂದೆ ಛತ್ರಿ ಹಾಕ್ಕೊಂಡು ಪುಕ್ಕಟೆ ಅಂಚುದ್ರು. ಇಡೀ ಬೀದಿ ತಗಂತು.”

ಗಿರಿ ಗಡಿಯಾರವನ್ನು ಕರೆಯುತ್ತಿದ್ದ ಸಾಲನ್ನು ಅಳಿಸಿದ. ಮಾಲಾ ಅತ್ತೆಯ ಫೋನಿನಲ್ಲಿ ಬುಟ್ಟಿ ಒತ್ತಿದಳು. ಪುಟ ಬಂತು.

“ನೋಡ್ದಾ, ಬತ್ತದೆ ಅಂದಿರ್ನಿಲ್ವಾ?” ಎಂದು ಅಂಜಿನಮ್ಮ ತಟ್ಟೆ ಹಾಕಿದಳು.

ಸೋಮವಾರ ಬೆಳಿಗ್ಗೆ ಶಿವರಾಮ್ ಎಲ್ಲವನ್ನೂ ಕೇಳಿಸಿಕೊಂಡ. ಗಡಿಯಾರದ ವಿಷಯಕ್ಕೆ ಗಿರಿಯ ಕಡೆ ಒಮ್ಮೆ ನೋಡಿದ, ಅಷ್ಟೆ. ಮಿಸ್ಡ್ ಕಾಲಿನ ವಿಷಯಕ್ಕೆ ಮುಖ ಗಂಟಿಕ್ಕಿದ.

“ಅಂದ್ರೆ ಇಷ್ಟು ದಿನ ನಿಮ್ಮತ್ತೆ ಸುಳ್ಳು ಹೇಳ್ತಿದ್ರು. ಈ ನೆಂಟ್ರ ಕೆಲಸಾನೇ ಇಷ್ಟು ಅಂತ ನಂಗೆ ಮೊದ್ಲೇ ಗೊತ್ತಾಗ್ಬೇಕಿತ್ತು. ಏಜೆನ್ಸಿಯೋರೇ ವಾಸಿ.”

“ಏಜೆನ್ಸಿಯೋರ ಹತ್ರಾನೂ ಆ ಸಿಮ್ಮು ಇರಲ್ಲ ಸಾರ್. ಅತ್ತೆ ಇರ್ಬೇಕು. ನಾನು ಕೇಳೋ ರೀತಿ ಬದಲಾಯಿಸ್ಬೇಕು. ಚೆನ್ನಾಗಿದ್ಯಾ ಅಂತ ಕೇಳಿದ್ರೆ ನಮ್ಮೋರು ಚೆನ್ನಾಗಿದೆ ಅಂತಾನೇ ಅಂತಾರೆ. ಇನ್ಮೇಲೆ ಅದನ್ನ ಕೇಳಲ್ಲ. ಕೊನೇ ಪುಟದಲ್ಲಿ ಬೆಂಡೆಕಾಯಿ ಎಷ್ಟು ಅಂತ ತೋರಿಸ್ತಿದೆ ಅಂತ ಕೇಳ್ತೀನಿ. ನೋಡಿದ್ರೆ ಹೇಳ್ತಾರೆ, ಕಾಣದೇ ಇದ್ರೆ ಹೇಳಕ್ಕಾಗಲ್ಲ.”

“ಎಲ್ಲರೂ ನಿಮ್ಮತ್ತೆ ಥರ ಇರಲ್ಲ. ನಮ್ಮಮ್ಮ ಸರಿಯಾಗೇ ನೋಡ್ತಾರೆ.”

ಮಾಲಾ ಅವನ ಫೋನಿನ ಕಡೆ ನೋಡಿದಳು. ಆ ನೋಟ ಶಿವರಾಮ್‌ಗೆ ಚುಚ್ಚಿತೋ ಏನೋ, ಫೋನ್ ತೆಗೆದು, ಸ್ಪೀಕರ್ ಹಾಕಿ, ಸಿಂಗಾಪುರಕ್ಕೆ ಹಚ್ಚಿದ.

“ಅಮ್ಮ, ಇವತ್ತು ನಮ್ ಸೈಟು ನೋಡಿದ್ಯಾ?”

“ಊಂ ಕಣಪ್ಪ, ನೋಡ್ದೆ. ಚಂದಾಗೈತೆ.”

“ಬೆಂಡೆಕಾಯಿ ಎಷ್ಟಿತ್ತು?”

ಆ ಕಡೆ ಕುಕ್ಕರ್ ಒಂದು ಸಲ ಕೂಗಿತು.

“ಮಾರೋನು ನೀನು. ನನ್ನ ಕೇಳ್ತೀಯಲ್ಲೋ?”

“ಅಮ್ಮ, ನೋಡಿದ್ಯೋ ಇಲ್ವೋ?”

“ಕನ್ನಡಕ ಮುರಿದು ತಿಂಗ್ಳಾಯ್ತು. ನಿನ್ ಅಂಗಡೀಗೇನಪ್ಪ, ದೇವ್ರಿಟ್ಟಂಗೈತೆ. ಊಟಕ್ ಬತ್ತೀಯಾ?”

ಗಿರಿ ಕೆಮ್ಮುತ್ತಾ ಎದ್ದು ಹೊರಗೆ ಹೋದ. ಶಿವರಾಮ್ ಫೋನನ್ನು ಮೇಜಿನ ಮೇಲೆ ಬೋರಲು ಇಟ್ಟ. ಆಮೇಲೆ ಹೆಬ್ಬಾಳದ ಏಜೆನ್ಸಿಗೆ ಕರೆ ಮಾಡಿ, ಸದ್ಯಕ್ಕೆ ಬೇಡ, ಬೇಕಾದರೆ ನಾನೇ ಹೇಳುತ್ತೇನೆ ಎಂದ. ಮಾಲಾಗೆ ಶಭಾಷ್ ಅನ್ನಲಿಲ್ಲ. “ಚಿಕ್ಕಬಾಣಾವರದಲ್ಲಿ ಯಾರ್ಯಾರು ಬಿಟ್ಟೋಗಿದಾರೋ ಅವರಿಗೆಲ್ಲ ನೀನೇ ಫೋನ್ ಮಾಡು. ಬೈಸ್ಕೊಳ್ಳೋದೂ ನಿನ್ ಕೆಲಸಾನೇ,” ಎಂದ.

ಅದೂ ಸರಿಯೇ ಅನ್ನಿಸಿತು ಮಾಲಾಗೆ. ಕುರ್ಚಿಗೆ ಹೋಗಿ ಕೂತು ಮೊದಲ ನಂಬರು ಒತ್ತಿದಳು. ಎತ್ತಿದವರು ಮುನಿನಾರಾಯಣಮ್ಮ ಎಂಬವರು.

“ಗೂಡೆಯಿಂದ ಮಾತಾಡ್ತಿದೀನಮ್ಮ. ಸೈಟು ಸರಿಯಾಗಿದೆ.”

“ಓದ್ ವಾರಾನೂ ಇದೇ ಏಳುದ್ರಿ.”

“ಹೋದ ವಾರ ನೋಡ್ದೇ ಹೇಳಿದ್ದೆ. ಮನೇಲಿ ಇನ್ನೊಂದು ಫೋನಿದ್ರೆ ಈಗ್ಲೇ ತೆಗೆದು ನೋಡಿ. ಅಲ್ಲೀವರ್ಗೂ ನಾನ್ ಇಡಲ್ಲ.”

ಮಗಳನ್ನು ಕೂಗಿದ್ದು, ಮಗಳು ಗೊಣಗಿದ್ದು, ಹಿತ್ತಲಲ್ಲಿ ಪಾತ್ರೆ ಬಿದ್ದದ್ದು ಎಲ್ಲ ಕೇಳಿಸಿತು. ಮಾಲಾ ಕಾದಳು.

“ಊಂ, ಬಂತು,” ಎಂದರು ಮುನಿನಾರಾಯಣಮ್ಮ.

“ಬೆಂಡೆಕಾಯಿ ಎಷ್ಟಿದೆ ಅಮ್ಮ?”

“ನಲವತ್ತು. ನಮ್ ಬೀದೀಗ್ ಬರೋ ಗಾಡಿಯೋನು ಮೂವತ್ತಕ್ಕೇ ಕೊಡ್ತಾನೆ ಕಣಮ್ಮ,” ಎಂದು ಅವರು ಫೋನ್ ಇಟ್ಟರು.

ಮಾಲಾ ಮುಂದಿನ ನಂಬರು ಒತ್ತಿದಳು.